ಸಂಜೆ ಏಳರ ಬಿಲ್ಲಿಂಗ್ ಸಾಲು: ಜನ ಕಡಿಮೆ ಇರುವ ದೊಡ್ಡ ಅಂಗಡಿಯನ್ನು ನಡೆಸುವ ಬಗೆ

ದಾವಣಗೆರೆಯ ಪಿ.ಬಿ. ರಸ್ತೆ, ಹದಡಿ ರಸ್ತೆ, ಶಾಮನೂರು ರಸ್ತೆಗಳ ದೊಡ್ಡ ಅಂಗಡಿಗಳಲ್ಲಿ ಸಂಜೆ ಏಳರ ಹೊತ್ತಿಗೆ ಕಾಣುವ ನೋಟ ಎಲ್ಲರಿಗೂ ಗೊತ್ತಿರುವುದೇ. ಬಿಲ್ಲಿಂಗ್ ಕೌಂಟರ್ ಆರು ಇರುತ್ತವೆ, ನಡೆಯುವುದು ಎರಡು. ಸಾಲು ಬೇಳೆಕಾಳಿನ ರ‍್ಯಾಕಿನವರೆಗೆ ಬೆಳೆದಿರುತ್ತದೆ. ಏನಾದರೂ ಕೇಳೋಣವೆಂದರೆ ಫ್ಲೋರಿನಲ್ಲಿ ಒಬ್ಬ ಹುಡುಗನೂ ಸಿಗುವುದಿಲ್ಲ, ಎಲ್ಲರೂ ಹಿಂದೆ ಲಾರಿ ಇಳಿಸುತ್ತಿರುತ್ತಾರೆ. ಗಿರಾಕಿ ಕ್ಯಾಷಿಯರ್ ಮೇಲೆ ರೇಗುತ್ತಾರೆ, ಕ್ಯಾಷಿಯರ್ ತಲೆ ತಗ್ಗಿಸಿ ಸ್ಕ್ಯಾನ್ ಮಾಡುತ್ತಾಳೆ, ಮ್ಯಾನೇಜರ್ ಫೋನ್ ಹಿಡಿದುಕೊಂಡು ಗೋಡೌನ್ ಕಡೆ ಹೋಗುತ್ತಾರೆ. ಈ ಮೂವರಲ್ಲಿ ಯಾರ ನಡತೆಯನ್ನು ತಿದ್ದಿದರೂ ಸಾಲು ಕರಗುವುದಿಲ್ಲ. ಕೆಟ್ಟಿರುವುದು ಡ್ಯೂಟಿ ಪಟ್ಟಿ.

ಹದಿನೈದರಿಂದ ನಲವತ್ತು ಕೆಲಸಗಾರರಿರುವ ದಿನಸಿ, ಮನೆಬಳಕೆ, ಬಟ್ಟೆ ಅಂಗಡಿಗಳ ಮಾಲೀಕರು, ಮ್ಯಾನೇಜರುಗಳು, ಸೂಪರ್‌ವೈಸರುಗಳಿಗಾಗಿ ಇದನ್ನು ಬರೆದಿದ್ದೇವೆ. ಕೊನೆಯ ಭಾಗ ಗಿರಾಕಿಗಳಿಗೆ.

ಮೊದಲು ಗಂಟೆವಾರು ಎಣಿಸಿ

ದಿನದ ಮಾರಾಟದ ಮೊತ್ತ ನೋಡಿ ಎಷ್ಟು ಜನ ಬೇಕೆಂದು ತೀರ್ಮಾನಿಸುವುದು ಮೊದಲ ತಪ್ಪು. ಬೆಳಿಗ್ಗೆ ಹನ್ನೊಂದಕ್ಕೆ ಖಾಲಿ ಕೂತ ಕ್ಯಾಷಿಯರ್, ಸಂಜೆ ಏಳಕ್ಕೆ ಇಲ್ಲದ ಕ್ಯಾಷಿಯರ್‌ಗೆ ಬದಲಿಯಾಗುವುದಿಲ್ಲ. ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಗಂಟೆವಾರು ಬಿಲ್‌ಗಳ ವರದಿ ಸಿಗುತ್ತದೆ. ಹಿಂದಿನ ನಾಲ್ಕು ವಾರದ್ದನ್ನು ತೆಗೆದು ಮೂರು ಹಾಳೆ ಮಾಡಿಕೊಳ್ಳಿ: ಸೋಮವಾರದಿಂದ ಶುಕ್ರವಾರ, ಶನಿವಾರ ಮತ್ತು ಭಾನುವಾರ, ತಿಂಗಳ ಮೊದಲ ಎಂಟು ದಿನ. ಮೂರನೆಯದನ್ನು ಬೇರೆ ಇಡಲೇಬೇಕು. ಸಂಬಳ ಬಂದ ಮೇಲೆ ತಿಂಗಳ ಸಾಮಾನು ಕಟ್ಟುವವರು ಬರುತ್ತಾರೆ, ಬಿಲ್ಲುಗಳ ಸಂಖ್ಯೆ ಅಷ್ಟೇ ಇದ್ದರೂ ಒಂದೊಂದು ಟ್ರಾಲಿಯಲ್ಲಿ ನಲವತ್ತು ಐವತ್ತು ಐಟಂ ಇರುತ್ತವೆ.

ಎರಡನೆಯದಾಗಿ, ಒಂದು ಬಿಲ್ಲಿಗೆ ಹಿಡಿಯುವ ಸಮಯ ಅಳೆಯಿರಿ. ಜನ ಹೆಚ್ಚಿರುವ ಹೊತ್ತಿನಲ್ಲಿ ಕೌಂಟರ್ ಪಕ್ಕ ಮೊಬೈಲ್ ಸ್ಟಾಪ್‌ವಾಚ್ ಹಿಡಿದು ನಿಂತು ಮೂವತ್ತು ಬಿಲ್ ಅಳೆದರೆ ಸಾಕು. ಮೊದಲ ಐಟಂ ಸ್ಕ್ಯಾನ್ ಆದಾಗ ಶುರು, ಗಿರಾಕಿ ಚೀಲ ಎತ್ತಿಕೊಂಡು ಹೊರಟಾಗ ಮುಕ್ತಾಯ. ಸ್ಕ್ಯಾನ್, ದುಡ್ಡು, ಚೀಲ ತುಂಬುವುದು, ಈ ಮೂರನ್ನೂ ಬೇರೆ ಬೇರೆ ಬರೆದುಕೊಳ್ಳಿ. ಇಪ್ಪತ್ತು ಐಟಮ್ಮಿನ ಬಿಲ್ಲಿಗೆ ಸ್ಕ್ಯಾನ್ ಒಂದು ನಿಮಿಷ ಹಿಡಿದರೆ ಉಳಿದ ಎರಡಕ್ಕೆ ಅದಕ್ಕಿಂತ ಹೆಚ್ಚು ಹಿಡಿದಿರುತ್ತದೆ. ಕ್ಯಾಷಿಯರ್ ಕೈ ಚುರುಕು ಮಾಡಿಸುವುದಕ್ಕಿಂತ ದುಡ್ಡಿನ ಕಡೆ ಗಮನ ಕೊಟ್ಟರೆ ಲಾಭ ಹೆಚ್ಚು ಎನ್ನುವುದು ಈ ಹಾಳೆಯಿಂದಲೇ ಗೊತ್ತಾಗುತ್ತದೆ.

ಈಗ ಲೆಕ್ಕ. ಸಂಜೆ ಏಳರಿಂದ ಎಂಟರವರೆಗೆ 90 ಬಿಲ್, ಬಿಲ್ಲಿಗೆ ಎರಡೂವರೆ ನಿಮಿಷ ಎಂದುಕೊಳ್ಳಿ. 225 ನಿಮಿಷದ ಕೆಲಸ. ಒಂದು ಕೌಂಟರ್ ಗಂಟೆಗೆ 60 ನಿಮಿಷ ಕೊಡುತ್ತದೆ, ಅಂದರೆ 3.75 ಕೌಂಟರ್. ನಾಲ್ಕು ತೆರೆದರೆ ಸಾಕಲ್ಲ ಎಂದು ಇಲ್ಲಿ ಬಹಳ ಜನ ನಿಲ್ಲುತ್ತಾರೆ. ಸಾಕಾಗುವುದಿಲ್ಲ. ಗಿರಾಕಿಗಳು ನಲವತ್ತು ಸೆಕೆಂಡಿಗೊಬ್ಬರಂತೆ ಲೆಕ್ಕವಿಟ್ಟು ಬರುವವರಲ್ಲ, ಗುಂಪುಗುಂಪಾಗಿ ಬರುತ್ತಾರೆ. 1917ರಲ್ಲಿ ಡೆನ್ಮಾರ್ಕಿನ ಗಣಿತಜ್ಞ ಎ.ಕೆ. ಎರ್ಲಾಂಗ್ ಟೆಲಿಫೋನ್ ಎಕ್ಸ್‌ಚೇಂಜಿಗಾಗಿ ಕಟ್ಟಿದ ಸೂತ್ರವನ್ನು ಈ ಅಂಕಿಗಳಿಗೆ ಹಾಕಿದರೆ ನಾಲ್ಕು ಕೌಂಟರಿನಲ್ಲಿ ಸರಾಸರಿ ಕಾಯುವ ಸಮಯ ಎಂಟೂವರೆ ನಿಮಿಷ ದಾಟುತ್ತದೆ. ಐದನೆಯದು ತೆರೆದರೆ ಒಂದು ನಿಮಿಷಕ್ಕಿಂತ ಕಡಿಮೆ! ಇದೂ ಎಲ್ಲರೂ ಒಂದೇ ಸಾಲಿನಲ್ಲಿ ನಿಂತು, ಖಾಲಿಯಾದ ಕೌಂಟರಿಗೆ ಹೋಗುವ ಏರ್ಪಾಡಿದ್ದರೆ. ಕೌಂಟರಿಗೊಂದು ಸಾಲು ಇದ್ದರೆ ಕಾಯುವುದು ಇನ್ನೂ ಹೆಚ್ಚು.

ಕಾರಣ ಇಷ್ಟೇ: ನಾಲ್ಕು ಕೌಂಟರ್ ಇದ್ದಾಗ ಕ್ಯಾಷಿಯರುಗಳು ನೂರಕ್ಕೆ ತೊಂಬತ್ತನಾಲ್ಕು ಪಾಲು ಹೊತ್ತು ಕೆಲಸದಲ್ಲೇ ಇರುತ್ತಾರೆ. ಒಂದು ಬಾರ್‌ಕೋಡ್ ಓದದೆ ನಿಂತರೂ ಆ ತಡವನ್ನು ತುಂಬಿಕೊಳ್ಳಲು ಬಿಡುವೇ ಇರುವುದಿಲ್ಲ. ಐದು ಇದ್ದಾಗ ಎಪ್ಪತ್ತೈದು ಪಾಲು. ಆ ಇಪ್ಪತ್ತೈದು ಪಾಲನ್ನು ನೋಡಿ "ಹುಡುಗೀರು ಸುಮ್ನೆ ನಿಂತಾರೆ" ಎಂದು ಒಬ್ಬರನ್ನು ಕಡಿಮೆ ಮಾಡುವವರೇ ಸಾಲನ್ನು ಕಟ್ಟುತ್ತಿದ್ದಾರೆ. ಆದ್ದರಿಂದ ಸೂತ್ರ: ಆ ಗಂಟೆಯ ಬಿಲ್ ಸಂಖ್ಯೆ × ಬಿಲ್ಲಿನ ನಿಮಿಷ ÷ 60 ÷ 0.75. ಬಂದದ್ದನ್ನು ಮೇಲಿನ ಪೂರ್ಣ ಸಂಖ್ಯೆಗೆ ಏರಿಸಿ. ಪ್ರತಿ ಗಂಟೆಗೂ ಇದನ್ನು ಮಾಡಿದರೆ ನಿಮ್ಮ ಅಂಗಡಿಯ ಕೌಂಟರ್ ಪಟ್ಟಿ ಸಿದ್ಧ.

ಒಂದು ಜಾಗಕ್ಕೆ ಇಬ್ಬರು

ಕೌಂಟರ್ ಮೂರು, ಹಾಗಾಗಿ ಕ್ಯಾಷಿಯರ್ ಮೂವರು ಎಂಬ ಲೆಕ್ಕದಲ್ಲೇ ಅರ್ಧ ತೊಂದರೆ ಹುಟ್ಟುತ್ತದೆ. ಅಂಗಡಿ ಬೆಳಿಗ್ಗೆ ಒಂಬತ್ತೂವರೆಯಿಂದ ರಾತ್ರಿ ಒಂಬತ್ತೂವರೆವರೆಗೆ ತೆರೆದಿದ್ದರೆ ಒಂದು ಕೌಂಟರಿಗೆ ವಾರಕ್ಕೆ 84 ಗಂಟೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯ ಮಿತಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಮೇಲಿನದಕ್ಕೆ ದುಪ್ಪಟ್ಟು ಕೂಲಿ, ಸತತ 5 ಗಂಟೆ ದುಡಿದ ಮೇಲೆ ಒಂದು ಗಂಟೆ ವಿಶ್ರಾಂತಿ, ವಾರಕ್ಕೊಂದು ರಜೆ. 84 ಅನ್ನು 48ರಿಂದ ಭಾಗಿಸಿದರೆ 1.75. ಜ್ವರ, ಮದುವೆ, ಊರಿನ ಹಬ್ಬ ಎಂದು ನೂರಕ್ಕೆ ಹತ್ತು ಪಾಲು ರಜೆ ಹಿಡಿಯಿರಿ, 1.94 ಆಯಿತು. ಇಡೀ ದಿನ ತೆರೆದಿರಬೇಕಾದ ಒಂದು ಜಾಗಕ್ಕೆ ಇಬ್ಬರು ಬೇಕು. ಇದಕ್ಕಿಂತ ಕಡಿಮೆ ಇಟ್ಟು ನಡೆಸುತ್ತಿದ್ದೇವೆ ಎನ್ನುವ ಅಂಗಡಿಯಲ್ಲಿ ಉಳಿದ ಗಂಟೆಗಳನ್ನು ಯಾರೋ ಓಟಿ ಇಲ್ಲದೆ, ಊಟದ ಹೊತ್ತು ಬಿಟ್ಟು ತುಂಬುತ್ತಿರುತ್ತಾರೆ. ಅವರು ಆರು ತಿಂಗಳಲ್ಲಿ ಬಿಟ್ಟು ಹೋಗುತ್ತಾರೆ.

ಆದರೆ ಐದೂ ಕೌಂಟರಿಗೆ ಹತ್ತು ಜನ ಬೇಕಿಲ್ಲ. ಎರಡು ಕೌಂಟರ್ ಇಡೀ ದಿನ, ಉಳಿದ ಮೂರು ಸಂಜೆ ಐದೂವರೆಯಿಂದ ಒಂಬತ್ತೂವರೆವರೆಗೆ ಮಾತ್ರ. ಈ ನಾಲ್ಕು ಗಂಟೆಗೆ ದಾವಣಗೆರೆಯಲ್ಲಿ ಜನ ಸಿಗುತ್ತಾರೆ, ಕಾಲೇಜುಗಳ ಊರು ಇದು. ಹದಿನೆಂಟು ತುಂಬಿದವರನ್ನೇ ತೆಗೆದುಕೊಳ್ಳಿ. ಮೂರು ಜಾಗಕ್ಕೆ ಐದು ಹೆಸರು ಇಟ್ಟುಕೊಳ್ಳಿ. ದಾವಣಗೆರೆ ವಿಶ್ವವಿದ್ಯಾಲಯದ ಪರೀಕ್ಷೆ, ಎಂಜಿನಿಯರಿಂಗ್ ಕಾಲೇಜುಗಳ ವಿಟಿಯು ಪರೀಕ್ಷೆ ಬಂದಾಗ ಒಂದೇ ಕಾಲೇಜಿನವರೆಲ್ಲ ಒಟ್ಟಿಗೆ ರಜೆ ಕೇಳುತ್ತಾರೆ, ಆದ್ದರಿಂದ ಬೇರೆ ಬೇರೆ ಕಾಲೇಜಿನವರನ್ನು ಆರಿಸಿ. ರಾತ್ರಿ ಎಂಟರ ಮೇಲೆ ಹೆಣ್ಣುಮಕ್ಕಳು ಇರಬೇಕಾದರೆ ಅವರ ಲಿಖಿತ ಒಪ್ಪಿಗೆ ಪಡೆಯಬೇಕು, ಮನೆ ಮುಟ್ಟಿಸುವ ವಾಹನ ಕೊಡಬೇಕು. ಹರಿಹರದಿಂದ, ಸುತ್ತಲ ಹಳ್ಳಿಗಳಿಂದ ಬರುವವರಿಗೆ ಕೊನೆಯ ಬಸ್ಸಿನ ಸಮಯ ನೋಡಿಯೇ ಶಿಫ್ಟ್ ಹಾಕಿ. ಬಸ್ ತಪ್ಪುತ್ತದೆಂಬ ಆತಂಕದಲ್ಲಿ ಕೂತ ಕ್ಯಾಷಿಯರ್ ಕೊನೆಯ ಅರ್ಧ ಗಂಟೆಯ ಬಿಲ್ಲುಗಳಲ್ಲಿ ತಪ್ಪು ಮಾಡುತ್ತಾಳೆ.

ಮಾಲೀಕರು ಹೊಸಬರನ್ನು ತೆಗೆದುಕೊಳ್ಳಲು ಒಪ್ಪದಿದ್ದರೆ ಮ್ಯಾನೇಜರ್ ಮಾಡಬೇಕಾದ ಕೆಲಸ ಒಂದಿದೆ. ಬೇಸತ್ತ ಗಿರಾಕಿ ಬಿಟ್ಟು ಹೋದ ಟ್ರಾಲಿಗಳನ್ನು ಅಂಗಡಿ ಮುಚ್ಚುವಾಗ ಎಣಿಸಿ. ಸಾಮಾನನ್ನು ರ‍್ಯಾಕಿಗೆ ಹಿಂದಿರುಗಿಸುವ ಮೊದಲು ಒಂದೊಂದು ಟ್ರಾಲಿಯನ್ನೂ ಸ್ಕ್ಯಾನ್ ಮಾಡಿ, ಮೊತ್ತ ಬರೆದುಕೊಂಡು ಬಿಲ್ ರದ್ದು ಮಾಡಿ. ಎರಡು ವಾರದ ಪಟ್ಟಿಯನ್ನು ತಾರೀಕು, ಗಂಟೆ, ಆಗ ತೆರೆದಿದ್ದ ಕೌಂಟರ್ ಸಂಖ್ಯೆಯ ಜೊತೆ ಮುಂದಿಡಿ. "ಜನ ಸಾಲ್ತಿಲ್ರಿ" ಎಂಬ ದೂರಿಗಿಂತ ಈ ಹಾಳೆಗೆ ಬೆಲೆ ಹೆಚ್ಚು.

ಯಾವ ಕೆಲಸ ಯಾವ ಹೊತ್ತಿಗೆ

ಇದ್ದ ಜನರಲ್ಲೇ ಒಂದಿಷ್ಟು ಉಳಿತಾಯ ಮಾಡಲು ಸಾಧ್ಯವಿರುವುದು ಇಲ್ಲಿ. ಬೆಂಗಳೂರು, ಹುಬ್ಬಳ್ಳಿ ಕಡೆಯಿಂದ ಬರುವ ಲೋಡ್ ಸಂಜೆ ಆರಕ್ಕೆ ಬಂದು ನಿಂತರೆ ಫ್ಲೋರಿನ ಐದಾರು ಜನ ಗೋಡೌನಿಗೆ ಹೋಗುತ್ತಾರೆ. ಸರಬರಾಜು ಮಾಡುವವರೊಂದಿಗೆ ಮಾತಾಡಿ ಲೋಡನ್ನು ಬೆಳಿಗ್ಗೆ ಎಂಟಕ್ಕೆ ಇಲ್ಲವೆ ಮಧ್ಯಾಹ್ನ ಎರಡಕ್ಕೆ ಹಿಡಿದು ನಿಲ್ಲಿಸಿ. ತಡವಾಗಿ ಬಂದ ಲಾರಿಯಿಂದ ಹಾಲು, ಮೊಸರು, ಬ್ರೆಡ್ ಮಾತ್ರ ಇಳಿಸಿಕೊಂಡು ಉಳಿದದ್ದನ್ನು ಒಂಬತ್ತರ ಮೇಲೆ ಇಳಿಸಿ. ಲಾರಿಯವರಿಗೆ ಕಾಯಿಸಿದ ಬಾಡಿಗೆ ಕೊಡಬೇಕಾಗಿ ಬಂದರೂ ಸಂಜೆಯ ವ್ಯಾಪಾರ ಕಳೆದುಕೊಳ್ಳುವುದಕ್ಕಿಂತ ಅದು ಅಗ್ಗ.

ರ‍್ಯಾಕ್ ತುಂಬುವುದು ಬಾಗಿಲು ತೆರೆಯುವ ಮೊದಲು ಒಂದು ಸಲ, ಮಧ್ಯಾಹ್ನ ಮೂರರಿಂದ ಐದರೊಳಗೆ ಇನ್ನೊಂದು ಸಲ. ಮೂರರ ಸುತ್ತಿನಲ್ಲಿ ಎಲ್ಲವನ್ನೂ ತುಂಬಲು ಹೋಗಬೇಡಿ. ಎಣ್ಣೆ, ಸಕ್ಕರೆ, ತೊಗರಿಬೇಳೆ, ರವೆ, ಬಟ್ಟೆ ಸೋಪು, ಬಿಸ್ಕತ್ತು, ಟೀಪುಡಿ, ಹೀಗೆ ಸಂಜೆ ಖಾಲಿಯಾಗುವ ನಲವತ್ತು ಐಟಂ ಪಟ್ಟಿ ಮಾಡಿ ಅಷ್ಟನ್ನೇ ಬಾಯಿಮಟ್ಟ ತುಂಬಿ. ಹಳೆಯ ತಾರೀಕಿನದು ಮುಂದೆ, ಹೊಸದು ಹಿಂದೆ. ಜನ ಕಡಿಮೆ ಇರುವ ಅಂಗಡಿಯಲ್ಲಿ ಮೊದಲು ಬಿಟ್ಟುಹೋಗುವ ಕೆಲಸ ಇದೇ. ಹೊಸ ಪೆಟ್ಟಿಗೆಯನ್ನು ಮುಂದೆಯೇ ತಳ್ಳಿ ಹೋಗುತ್ತಾರೆ, ಎರಡು ತಿಂಗಳ ಮೇಲೆ ಹಿಂದಿನ ಸಾಲಿನಲ್ಲಿ ಅವಧಿ ಮುಗಿದ ಪೊಟ್ಟಣ ಸಿಗುತ್ತದೆ. ವಾರಕ್ಕೊಮ್ಮೆ, ಬುಧವಾರ ಬೆಳಿಗ್ಗೆ ಎಂದುಕೊಳ್ಳಿ, ಇಬ್ಬರು ಎರಡು ಗಂಟೆ ಎಕ್ಸ್‌ಪೈರಿ ನೋಡಲಿ. ಹಾಲಿನ ಪದಾರ್ಥ ಮತ್ತು ಮಕ್ಕಳ ಆಹಾರ ಮಾತ್ರ ದಿನವೂ.

ಬೆಲೆ ಚೀಟಿಗೆ ಬೇರೆಯೇ ಸಮಯ ಕೊಡಿ. ರಾತ್ರಿ ಸಿಸ್ಟಮ್ಮಿನಲ್ಲಿ ದರ ಬದಲಾಗುತ್ತದೆ, ಬೆಳಿಗ್ಗೆ ರ‍್ಯಾಕಿನ ಚೀಟಿ ಬದಲಾಗುವುದಿಲ್ಲ. ಒಂದು ಚೀಟಿ ಹುಡುಕಿ ಬದಲಿಸಲು ಒಂದು ನಿಮಿಷ ಹಿಡಿದರೂ 150 ಚೀಟಿಗೆ ಎರಡೂವರೆ ಗಂಟೆ. ಆ ಎರಡೂವರೆ ಗಂಟೆಯನ್ನು ಡ್ಯೂಟಿ ಪಟ್ಟಿಯಲ್ಲಿ ಬರೆಯದಿದ್ದರೆ ಆ ಕೆಲಸ ಆಗುವುದಿಲ್ಲ. ಎಲ್ಲ ಚೀಟಿಗೂ ಸಮಯ ಸಾಲದಿದ್ದರೆ ದರ ಏರಿದವುಗಳನ್ನು ಮೊದಲು ಬದಲಿಸಿ, ಇಳಿದವು ಆಮೇಲೆ. ರ‍್ಯಾಕಿನಲ್ಲಿ ಕಡಿಮೆ ಬೆಲೆ ನೋಡಿ ಕೌಂಟರಿನಲ್ಲಿ ಹೆಚ್ಚು ಬಂದಾಗಲೇ ಜಗಳ ಆಗುವುದು. ಮುಗಿದ ಆಫರ್ ಬೋರ್ಡುಗಳನ್ನು ಹಿಂದಿನ ರಾತ್ರಿ ಬಾಗಿಲು ಹಾಕುವಾಗಲೇ ಇಳಿಸಿ.

ತರಕಾರಿಯನ್ನು ಬಿಲ್ಲಿಂಗ್ ಕೌಂಟರಿನಲ್ಲಿ ತೂಗಬೇಡಿ. ಒಬ್ಬ ಗಿರಾಕಿಯ ಆರು ಬಗೆಯ ತರಕಾರಿ ತೂಗಿ ಕೋಡ್ ಒತ್ತುವ ಹೊತ್ತಿಗೆ ಹಿಂದೆ ಇಬ್ಬರು ಬಂದು ನಿಲ್ಲುತ್ತಾರೆ. ತರಕಾರಿ ವಿಭಾಗದಲ್ಲೇ ಚೀಟಿ ಮುದ್ರಿಸುವ ತಕ್ಕಡಿ ಇಟ್ಟು ಸಂಜೆಯ ನಾಲ್ಕು ಗಂಟೆ ಅಲ್ಲಿಗೊಬ್ಬರನ್ನು ಕಟ್ಟಿಹಾಕಿ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೇಕು, ಪ್ರಮಾಣಪತ್ರ ಗಿರಾಕಿಗೆ ಕಾಣುವಂತೆ ಹಾಕಿ.

ಕೌಂಟರಿನಲ್ಲಿ ಸಮಯ ಎಲ್ಲಿ ಸೋರುತ್ತದೆ

ಯುಪಿಐ ಮೊದಲನೆಯದು. ಕಾಂಕ್ರೀಟ್ ಕಟ್ಟಡದ ಒಳಗೆ, ಅದರಲ್ಲೂ ನೆಲಮಾಳಿಗೆಯಲ್ಲಿ ಗಿರಾಕಿಯ ಮೊಬೈಲಿಗೆ ನೆಟ್‌ವರ್ಕ್ ಸಿಗದೆ ಚಕ್ರ ಸುತ್ತುತ್ತಲೇ ಇರುತ್ತದೆ. ಕೌಂಟರ್ ಸಾಲಿಗೆ ಮಾತ್ರ ಒಂದು ವೈಫೈ ಹಾಕಿ ಪಾಸ್‌ವರ್ಡನ್ನು ದೊಡ್ಡದಾಗಿ ಬರೆದು ಅಂಟಿಸಿ. ಅಂಟಿಸಿದ ಕ್ಯೂಆರ್ ಆದರೆ ಮೊತ್ತವನ್ನು ಗಿರಾಕಿ ಒತ್ತಬೇಕು, ಕ್ಯಾಷಿಯರ್ ತಿರುಗಿ ನೋಡಬೇಕು, 1,468 ಹೋಗಿ 1,486 ಆಗುವುದೂ ಉಂಟು. ಬಿಲ್ ಮೊತ್ತ ತಾನಾಗಿ ಬರುವ ಕ್ಯೂಆರ್ ಇರಲಿ. ದುಡ್ಡು ಹೋಗಿದೆ, ಇಲ್ಲಿ ಬಂದಿಲ್ಲ ಎಂಬ ಗೊಂದಲವಾದರೆ ಆ ಗಿರಾಕಿಯನ್ನು ಸಾಲಿನಲ್ಲೇ ನಿಲ್ಲಿಸಿಕೊಳ್ಳಬೇಡಿ. ಬಿಲ್ಲನ್ನು ಹೋಲ್ಡ್ ಮಾಡಿ, ಅಂದರೆ ಸಿಸ್ಟಮ್ಮಿನಲ್ಲಿ ಸದ್ಯಕ್ಕೆ ಬದಿಗಿಟ್ಟು, ಗಿರಾಕಿಯನ್ನು ಸೂಪರ್‌ವೈಸರ್ ಮೇಜಿಗೆ ಕಳಿಸಿ, ಮುಂದಿನವರನ್ನು ಕರೆಯಿರಿ. ಹೋಲ್ಡ್ ಮಾಡುವುದು ಗೊತ್ತಿಲ್ಲದ ಕ್ಯಾಷಿಯರುಗಳು ಬಹಳ ಇದ್ದಾರೆ, ಮೊದಲ ದಿನವೇ ಕಲಿಸಿ.

ಎರಡನೆಯದು ಚಿಲ್ಲರೆ. ಸಂಜೆ ಐದಕ್ಕೆ ಪ್ರತಿ ಡ್ರಾಯರಿನಲ್ಲಿ ಹತ್ತು, ಇಪ್ಪತ್ತರ ನೋಟು, ಒಂದು, ಎರಡು, ಐದರ ನಾಣ್ಯ ಸೇರಿ ಎರಡು ಸಾವಿರ ರೂಪಾಯಿ ಚಿಲ್ಲರೆ ಇರಬೇಕು. ಚಿಲ್ಲರೆ ಬದಲು ಚಾಕೊಲೇಟ್ ಕೊಡುವ ಪದ್ಧತಿಯನ್ನು ಪೂರ್ತಿ ನಿಲ್ಲಿಸಿ, ಗಿರಾಕಿಗೆ ಇದರಷ್ಟು ಸಿಟ್ಟು ತರಿಸುವ ಸಣ್ಣ ವಿಷಯ ಇನ್ನೊಂದಿಲ್ಲ.

ಮೂರನೆಯದು ಪೇಪರ್ ರೋಲ್. ಐವತ್ತು ಮೀಟರ್ ರೋಲಿನಲ್ಲಿ ಕಾಲು ಮೀಟರ್ ಉದ್ದದ ಬಿಲ್ ಇನ್ನೂರು ಬರುತ್ತವೆ. ಐದೂವರೆಗೆ ಎಲ್ಲ ಮೆಷಿನ್ನಿನ ಬಾಗಿಲು ತೆರೆದು ನೋಡಿ, ಅರ್ಧಕ್ಕಿಂತ ಕಡಿಮೆ ಉಳಿದಿದ್ದರೆ ಹೊಸದು ಹಾಕಿ ಹಳೆಯದನ್ನು ಬೆಳಿಗ್ಗೆಗೆ ಎತ್ತಿಡಿ. ಏಳೂವರೆಗೆ ರೋಲ್ ಹುಡುಕಲು ಓಡುವುದು ತಪ್ಪುತ್ತದೆ.

ಅಕ್ಕಿ ಚೀಲವನ್ನು ಮೇಲೆತ್ತಿಸಬೇಡಿ. 25 ಕೆಜಿ ಚೀಲವನ್ನು ಟ್ರಾಲಿಯಿಂದ ಕೌಂಟರಿಗೆ, ಕೌಂಟರಿನಿಂದ ಟ್ರಾಲಿಗೆ ಎತ್ತುವುದರಲ್ಲಿ ಹೊತ್ತೂ ಹೋಗುತ್ತದೆ, ಸೊಂಟವೂ ಹೋಗುತ್ತದೆ. ಮಾರುವ ಎಲ್ಲ ಅಕ್ಕಿ, ಹಿಟ್ಟಿನ ದೊಡ್ಡ ಚೀಲಗಳ ಬಾರ್‌ಕೋಡನ್ನು ಒಂದು ಕಾರ್ಡಿನಲ್ಲಿ ಮುದ್ರಿಸಿ ಲ್ಯಾಮಿನೇಟ್ ಮಾಡಿ ಪ್ರತಿ ಕೌಂಟರಿನಲ್ಲಿ ನೇತುಹಾಕಿ. ಕ್ಯಾಷಿಯರ್ ಚೀಲ ನೋಡಿ ಕಾರ್ಡನ್ನು ಸ್ಕ್ಯಾನ್ ಮಾಡಿದರೆ ಮುಗಿಯಿತು. ದರ ಬದಲಾದ ದಿನ ಕಾರ್ಡನ್ನೂ ನೋಡಬೇಕು.

ಎಲ್ಲಕ್ಕಿಂತ ಹೆಚ್ಚು ದೂರು ತರುವುದು ಎರಡು ಎಂಆರ್‌ಪಿಯ ಸಮಸ್ಯೆ, ಇದನ್ನು ಬಿಡಿಸಿ ಹೇಳಬೇಕು. ಒಂದೇ ಸೋಪಿನ ಹಳೆಯ ಸ್ಟಾಕಿಗೂ ಹೊಸ ಸ್ಟಾಕಿಗೂ ಬಾರ್‌ಕೋಡ್ ಒಂದೇ, ಎಂಆರ್‌ಪಿ ಬೇರೆ. ಸ್ಕ್ಯಾನ್ ಮಾಡಿದಾಗ ಪರದೆಯ ಮೇಲೆ ಎರಡು ಬೆಲೆ ಬಂದು ಯಾವುದು ಎಂದು ಕೇಳುತ್ತದೆ. ಪೊಟ್ಟಣ ತಿರುಗಿಸಿ ಓದಿ ಆರಿಸಬೇಕು. ಎಂಟು ತಾಸಿನಿಂದ ನಿಂತೇ ಇರುವ ಕ್ಯಾಷಿಯರ್, ಮುಂದೆ ಹನ್ನೆರಡು ಜನ ಇದ್ದಾಗ, ಎಂಟರ್ ಒತ್ತಿಬಿಡುತ್ತಾಳೆ. ಮೇಲಿರುವ ಬೆಲೆ ಬೀಳುತ್ತದೆ. ಅದು ಪೊಟ್ಟಣದ ಎಂಆರ್‌ಪಿಗಿಂತ ಹೆಚ್ಚಿದ್ದರೆ ಕಾನೂನಿನ ಪ್ರಕಾರ ಅಪರಾಧ, ಬೇಕೆಂದು ಮಾಡಿದ್ದಲ್ಲ ಎಂಬ ಸಮಜಾಯಿಷಿ ನಡೆಯುವುದಿಲ್ಲ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರ ಬದಲಾಗಿ ಸೋಪು, ಶಾಂಪೂ, ಟೂತ್‌ಪೇಸ್ಟಿನ ತೆರಿಗೆ 18ರಿಂದ 5ಕ್ಕೆ ಇಳಿದಾಗ ಈ ಗೊಂದಲ ಎಲ್ಲ ಕಡೆ ಎದ್ದಿತ್ತು. ಪರಿಹಾರ ಎರಡು. ಸಾಫ್ಟ್‌ವೇರಿನವರಿಗೆ ಹೇಳಿ ಕಡಿಮೆ ಎಂಆರ್‌ಪಿ ಮೊದಲು ಬರುವಂತೆ ಮಾಡಿಸಿ. ತಪ್ಪಾದರೂ ನಷ್ಟ ಅಂಗಡಿಗೆ, ಎರಡು ಮೂರು ರೂಪಾಯಿಯಷ್ಟೇ. ಎರಡನೆಯದು, ಹಳೆಯ ಸ್ಟಾಕ್ ಮುಗಿಯುವವರೆಗೆ ಹೊಸದನ್ನು ರ‍್ಯಾಕಿಗೆ ಬಿಡಬೇಡಿ, ಮುಗಿದ ದಿನ ಹಳೆಯ ಬೆಲೆಯನ್ನು ಸಿಸ್ಟಮ್ಮಿನಿಂದ ತೆಗೆಸಿ.

ಮುಂದಿನ ಕೌಂಟರ್ ತೆರೆಯುವುದು ಯಾವಾಗ? ಯಾವುದೇ ಸಾಲಿನಲ್ಲಿ ಬಿಲ್ ಆಗುತ್ತಿರುವವರನ್ನು ಬಿಟ್ಟು ಮೂರನೆಯ ಟ್ರಾಲಿ ನಿಂತಾಗ. ಆರು ಟ್ರಾಲಿ ಆದ ಮೇಲೆ ಕರೆದರೆ, ಬರುವವರು ಬಂದು, ಲಾಗಿನ್ ಆಗಿ, ಡ್ರಾಯರ್ ಎಣಿಸುವಷ್ಟರಲ್ಲಿ ನಾಲ್ಕು ನಿಮಿಷ ಹೋಗಿ ಸಾಲು ಒಂಬತ್ತಾಗಿರುತ್ತದೆ. ಎಣಿಸಿದ ಡ್ರಾಯರನ್ನು ಬೀಗ ಹಾಕಿ ಸಿದ್ಧವಿಟ್ಟಿರಿ. ಹೊಸ ಕೌಂಟರಿಗೆ ಸಾಲಿನ ಕೊನೆಯವರು ಓಡಿಬಂದು ನಿಲ್ಲುತ್ತಾರೆ, ಮುಂದಿದ್ದವರಿಗೆ ಉರಿಯುತ್ತದೆ. ಸೂಪರ್‌ವೈಸರ್ ತಾನೇ ಹೋಗಿ ಎರಡನೆಯವರ ಟ್ರಾಲಿಗೆ ಕೈ ಹಾಕಿ, "ಅಮ್ಮಾರೇ, ಆ ಕೌಂಟರ್ ತೆಗಿತಿದೀವ್ರಿ, ನಿಮ್ದೇ ಮೊದ್ಲು ಬರ್ರಿ" ಎಂದು ಕರೆದೊಯ್ಯಬೇಕು.

ಕ್ಯಾಷಿಯರಿಗೆ ಕೂರಲು ಎತ್ತರದ ಸ್ಟೂಲು, ಕಾಲಿಡಲು ಹಲಗೆ ಕೊಡಿ. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ಕೆಲಸಗಾರರಿಗೆ ಕೂರುವ ಸೌಲಭ್ಯವನ್ನು ಕಾನೂನಿನಲ್ಲೇ ಸೇರಿಸಿದವು. ಇಲ್ಲಿ ಯಾರಾದರೂ ಬಂದು ಹೇಳಲಿ ಎಂದು ಕಾಯಬೇಕಿಲ್ಲ.

ಫ್ಲೋರಿನಲ್ಲಿ

ಸಂಜೆ ಒಬ್ಬರಾದರೂ ಕೈಯಲ್ಲಿ ಯಾವ ಕೆಲಸವೂ ಇಲ್ಲದೆ ಓಡಾಡುತ್ತಿರಬೇಕು, ಕೇಳಿದ್ದಕ್ಕೆ ಉತ್ತರ ಹೇಳುವುದೇ ಅವರ ಕೆಲಸ. ಅವರ ಕಿಸೆಯಲ್ಲಿ ಸಣ್ಣ ಪುಸ್ತಕ ಇರಲಿ, "ಎಲ್ಲಿದೆ" ಎಂದು ಕೇಳಿದ ಪ್ರತಿ ಐಟಂ ಬರೆದುಕೊಳ್ಳಲಿ. ವಾರದ ಕೊನೆಗೆ ಮೊದಲ ಹತ್ತು ಐಟಮ್ಮಿಗೆ ಕನ್ನಡದಲ್ಲಿ ದೊಡ್ಡ ಬೋರ್ಡ್ ಹಾಕಿ: ಬೆಲ್ಲ, ಹುರಿಗಡಲೆ, ಅವಲಕ್ಕಿ, ಕರ್ಪೂರ, ಊದುಬತ್ತಿ. ಇಂಗ್ಲಿಷಿನಲ್ಲಿ ಮಾತ್ರ ಬರೆದ ಬೋರ್ಡಿನ ಕೆಳಗೇ ನಿಂತು ಸಾಮಾನು ಎಲ್ಲಿ ಎಂದು ಕೇಳುವ ಹಿರಿಯರಿದ್ದಾರೆ. ಒಂದು ಬೋರ್ಡು ಉಳಿಸುವ ಪ್ರಶ್ನೆಗಳನ್ನು ಎಣಿಸಿ ನೋಡಿದರೆ ಅರ್ಧ ಆಳಿನ ಕೆಲಸ ಅದು ಮಾಡುತ್ತಿರುತ್ತದೆ.

ಕಂಪನಿಗಳು ತಮ್ಮ ಮಾಲು ಮಾರಲು ಕಳಿಸುವ ಹುಡುಗ ಹುಡುಗಿಯರನ್ನು ನಿಮ್ಮ ಸಿಬ್ಬಂದಿಯ ಲೆಕ್ಕಕ್ಕೆ ಸೇರಿಸಬೇಡಿ. ಅವರಿಗೆ ಗುರಿ ಇರುವುದು ತಮ್ಮ ಕಂಪನಿಯ ಮಾಲಿನ ಮೇಲೆ. ವಾಷಿಂಗ್ ಮೆಷಿನ್ ಕೇಳಲು ಬಂದವರಿಗೆ ಅಂಗಡಿಯ ಪರವಾಗಿ ನಿಜ ಹೇಳುವ ಒಬ್ಬರು ಬೇಕೇ ಬೇಕು.

ಬಟ್ಟೆ ವಿಭಾಗದ ಬಗ್ಗೆ ಎರಡೇ ಮಾತು. ಟ್ರಯಲ್ ರೂಮಿಗೆ ಒಬ್ಬರಿಗೆ ಐದು ಬಟ್ಟೆ, ಸಂಖ್ಯೆ ಬರೆದ ಟೋಕನ್. ಬೇಡವೆಂದು ಬಿಟ್ಟ ಬಟ್ಟೆಯನ್ನು ಅರ್ಧ ಗಂಟೆಗೊಮ್ಮೆ ಅದರ ಜಾಗಕ್ಕೆ ಸೇರಿಸಿ. ರಾತ್ರಿಗೆಂದು ಗುಡ್ಡೆ ಹಾಕಿದರೆ ಬೇಕಾದ ಅಳತೆ ಆ ಗುಡ್ಡೆಯಲ್ಲೇ ಇದ್ದು, ಗಿರಾಕಿಗೆ "ಸೈಜ್ ಇಲ್ರಿ" ಎಂಬ ಉತ್ತರ ಹೋಗುತ್ತದೆ.

ಎಲ್ಲರಿಗೂ ಬಿಲ್ಲಿಂಗ್ ಕಲಿಸಿ, ರ‍್ಯಾಕಿನವರಿಗೂ ಗೋಡೌನಿನವರಿಗೂ. ಏಳು ದಿನ ಹಳಬರ ಪಕ್ಕ ನಿಲ್ಲಿಸಿದರೆ ಕೈ ಹತ್ತುತ್ತದೆ. ಪ್ರತಿಯೊಬ್ಬರಿಗೂ ಅವರದೇ ಲಾಗಿನ್ ಇರಲಿ. ಇನ್ನೊಬ್ಬರ ಲಾಗಿನ್ನಿನಲ್ಲಿ ಕೂರಿಸಿದರೆ ರಾತ್ರಿ ನಗದು ಕಡಿಮೆ ಬಂದಾಗ ತಪ್ಪು ಯಾರದೆಂದು ಹುಡುಕಲಾಗುವುದಿಲ್ಲ, ಸುಮ್ಮನೆ ಒಬ್ಬಳ ಸಂಬಳಕ್ಕೆ ಕತ್ತರಿ ಬೀಳುತ್ತದೆ. ಹಾಗೆ ಕತ್ತರಿ ಹಾಕುವ ಅಂಗಡಿಗಳಲ್ಲಿ ಯಾರೂ ಕೌಂಟರಿಗೆ ಬರಲು ಒಪ್ಪುವುದಿಲ್ಲ, ಬಂದವರು ಪ್ರತಿ ನೋಟನ್ನೂ ಮೂರು ಸಲ ಎಣಿಸುತ್ತಾರೆ.

ದೂರು ಬಂದಾಗ

ಬೆಲೆ ವ್ಯತ್ಯಾಸದ ದೂರಿಗೆ ಕ್ಯಾಷಿಯರೇ ತೀರ್ಮಾನ ಕೊಡುವಂತಿರಬೇಕು. ಇನ್ನೂರು ರೂಪಾಯಿವರೆಗಿನ ವ್ಯತ್ಯಾಸವನ್ನು ಯಾರನ್ನೂ ಕೇಳದೆ ಹಿಂದಿರುಗಿಸುವ ಅಧಿಕಾರ ಕೊಟ್ಟು, ರಾತ್ರಿ ಆ ಪಟ್ಟಿ ಮ್ಯಾನೇಜರ್ ನೋಡಲಿ. ಐದು ರೂಪಾಯಿಗಾಗಿ ಮ್ಯಾನೇಜರನ್ನು ಹುಡುಕಿ ಕರೆತರುವ ಹತ್ತು ನಿಮಿಷದಲ್ಲಿ ಹಿಂದಿನ ನಾಲ್ವರೂ ದೂರುದಾರರಾಗಿರುತ್ತಾರೆ. ಅದೇ ಐಟಂ ಎರಡನೆಯ ಸಲ ಪಟ್ಟಿಗೆ ಬಂದರೆ ರ‍್ಯಾಕಿನ ಚೀಟಿ ಇಲ್ಲವೆ ಸಿಸ್ಟಮ್ಮಿನ ದರ ತಪ್ಪಿದೆ.

ಮಾಲು ವಾಪಸ್ ತಂದವರನ್ನು ಬಿಲ್ಲಿಂಗ್ ಸಾಲಿಗೆ ಕಳಿಸಬೇಡಿ, ಬೇರೆ ಮೇಜು ಇರಲಿ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಮಾತ್ರ ವಾಪಸ್ ತೆಗೆದುಕೊಳ್ಳುತ್ತೇವೆ ಎಂಬ ಬೋರ್ಡ್ ಹಾಕುವುದು ಸರಿಯಲ್ಲ. ಕೆಲಸಕ್ಕೆ ಹೋಗುವವರು ಬರುವುದೇ ಸಂಜೆ.

ಹಬ್ಬ, ಜಾತ್ರೆ

ಯುಗಾದಿ, ವರಮಹಾಲಕ್ಷ್ಮಿ, ಗೌರಿ ಗಣೇಶ, ದೀಪಾವಳಿಗೆ ಕಳೆದ ವರ್ಷದ ಅದೇ ಹಬ್ಬದ ಹಿಂದಿನ ಐದು ದಿನದ ಗಂಟೆವಾರು ವರದಿ ತೆಗೆಯಿರಿ, ತಾರೀಕು ನೋಡಿ ಮೋಸಹೋಗಬೇಡಿ, ಹಬ್ಬ ಪ್ರತಿ ವರ್ಷ ಸರಿಯುತ್ತದೆ. ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಯದೇ ಬೇರೆ ಲೆಕ್ಕ. ಮನೆಮನೆಗೂ ನೆಂಟರು ಬರುತ್ತಾರೆ, ವ್ಯಾಪಾರ ಏರುತ್ತದೆ. ನಿಮ್ಮ ಕೆಲಸಗಾರರ ಮನೆಗೂ ನೆಂಟರು ಬಂದಿರುತ್ತಾರೆ, ಅವರಿಗೂ ರಜೆ ಬೇಕು. ಒಂದು ತಿಂಗಳ ಮೊದಲೇ ಯಾರಿಗೆ ಯಾವ ದಿನ ಎಂದು ಬರೆದು ಗೋಡೆಗೆ ಹಾಕಿ. ರಜೆ ಇಲ್ಲ ಎಂದರೆ ಹೇಳದೆ ಬಿಡುತ್ತಾರೆ, ಅದಕ್ಕಿಂತ ಗೊತ್ತಿದ್ದು ಅರ್ಧ ಜನರನ್ನು ಕಳಿಸುವುದು ಮೇಲು. ಚಿತ್ರದುರ್ಗದಲ್ಲಿ ಹಿಂದೂ ಮಹಾಗಣಪತಿ ಶೋಭಾಯಾತ್ರೆಯ ದಿನ ಮುಖ್ಯರಸ್ತೆಗಳಲ್ಲಿ ಲಾರಿ ಹಾಯುವುದಿಲ್ಲ, ಲೋಡನ್ನು ಎರಡು ದಿನ ಮೊದಲೇ ತರಿಸಿಕೊಳ್ಳಿ. ಮೆಕ್ಕೆಜೋಳ ಕಟಾವಾಗಿ ರೈತರ ಕೈಗೆ ದುಡ್ಡು ಬರುವ ವಾರಗಳನ್ನೂ ಹಬ್ಬವೆಂದೇ ಎಣಿಸಬೇಕು. ಆಗ ಹಳ್ಳಿಯವರು ಬೆಳಿಗ್ಗೆ ಹನ್ನೊಂದಕ್ಕೇ ಬರುತ್ತಾರೆ, ಸಂಜೆಗೆಂದು ಹಾಕಿದ ಶಿಫ್ಟ್ ಆಗ ಕೆಲಸಕ್ಕೆ ಬರುವುದಿಲ್ಲ.

ಗಿರಾಕಿಗಳಿಗೆ

ಸಾಧ್ಯವಿದ್ದರೆ ಮಧ್ಯಾಹ್ನ ಮೂರರಿಂದ ಐದರೊಳಗೆ ಹೋಗಿ. ಆಫರ್ ಇರುವ, ಬೆ‌ಲೆಬಾಳುವ ಐಟಮ್ಮಿನ ರ‍್ಯಾಕ್ ಚೀಟಿಯ ಫೋಟೋ ತೆಗೆದುಕೊಳ್ಳಿ, ಕೌಂಟರಿನಲ್ಲಿ ಪರದೆ ನೋಡುತ್ತಿರಿ. ತಪ್ಪು ಕಂಡರೆ ದುಡ್ಡು ಕೊಡುವ ಮೊದಲೇ ಹೇಳಿ, ಕೊಟ್ಟ ಮೇಲೆ ಅದೇ ಕೆಲಸಕ್ಕೆ ಮೂರು ಪಟ್ಟು ಹೊತ್ತು ಹಿಡಿಯುತ್ತದೆ. ಕ್ಯಾಷಿಯರ್ ಮೇಲೆ ಕೂಗಾಡಬೇಡಿ. ಎಷ್ಟು ಕೌಂಟರ್ ತೆರೆಯಬೇಕೆಂದು ತೀರ್ಮಾನಿಸುವವರು ಮ್ಯಾನೇಜರ್. ಅವರನ್ನು ಕರೆಸಿ, ಸಮಯವನ್ನೂ ತೆರೆದಿರುವ ಕೌಂಟರ್ ಸಂಖ್ಯೆಯನ್ನೂ ಹೇಳಿ, ದೂರು ಪುಸ್ತಕದಲ್ಲಿ ಬರೆಯಿರಿ.

ಸಾಲಿನಲ್ಲಿ ಕಾಯಿಸಿದ್ದಕ್ಕೆ ಕಾನೂನಿನಲ್ಲಿ ಸುಲಭದ ದಾರಿ ಇಲ್ಲ, ಆದರೆ ಸಾಲಿನ ಗಡಿಬಿಡಿಯಲ್ಲಿ ಆಗುವ ತಪ್ಪುಗಳಿಗೆ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಬಿಲ್ ಕೊಡದಿರುವುದು, ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ ಹಿಂದೆ ಪಡೆಯಲು ಒಪ್ಪದಿರುವುದು ಅನುಚಿತ ವ್ಯಾಪಾರ ಪದ್ಧತಿ. ಬಣ್ಣ ಇಷ್ಟವಾಗಲಿಲ್ಲ, ಮನಸ್ಸು ಬದಲಾಯಿತು ಎಂಬುದಕ್ಕೆ ಇದು ಅನ್ವಯಿಸುವುದಿಲ್ಲ. ಬಿಲ್ಲಿಗೆ ಮೊಬೈಲ್ ನಂಬರ್ ಕೊಡಲೇಬೇಕೆಂದು ಒತ್ತಾಯಿಸಬಾರದೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲಿ ಅಂಗಡಿಗಳಿಗೆ ಸೂಚಿಸಿದೆ. ಮೊದಲೇ ತಿಳಿಸದೆ ಕೌಂಟರಿನಲ್ಲಿ ಕೈಚೀಲಕ್ಕೆ ದುಡ್ಡು ಹಾಕುವುದು ತಪ್ಪೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2020ರ ಡಿಸೆಂಬರಿನಲ್ಲಿ ಹೇಳಿತು. ಎಂಆರ್‌ಪಿಗಿಂತ ಹೆಚ್ಚು ಪಡೆದರೆ, ತೂಕದಲ್ಲಿ ಮೋಸವಾದರೆ ಜಿಲ್ಲೆಯ ಕಾನೂನು ಮಾಪನಶಾಸ್ತ್ರ ಕಚೇರಿಗೆ ದೂರು ಕೊಡಬಹುದು.

ಅಂಗಡಿಗೆ ಬರೆದ ದೂರಿಗೆ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೂ ಮಾತಾಡಬಹುದು. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ವಕೀಲರು ಕಡ್ಡಾಯವಲ್ಲ, ಇ-ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಬೆಂಗಳೂರಿನಲ್ಲಿ ಕೊಂಡದ್ದಕ್ಕೂ ನೀವು ವಾಸವಿರುವ ದಾವಣಗೆರೆ ಇಲ್ಲವೆ ಚಿತ್ರದುರ್ಗದಲ್ಲೇ ದೂರು ಹಾಕಲು ಕಾಯಿದೆ ಅವಕಾಶ ಕೊಡುತ್ತದೆ. ಗಡುವು ಎರಡು ವರ್ಷ. ಅಂಗಡಿಯ ಬಿಲ್ ಥರ್ಮಲ್ ಕಾಗದದ್ದು, ಬೀರುವಿನಲ್ಲಿಟ್ಟರೂ ಕೆಲವು ತಿಂಗಳಲ್ಲಿ ಅಕ್ಷರ ಮಾಸಿಹೋಗುತ್ತದೆ, ಹಾಗಾಗಿ ಬೆಲೆಬಾಳುವ ಸಾಮಾನಿನ ಬಿಲ್ಲನ್ನು ಕೊಂಡ ದಿನವೇ ಫೋಟೋ ತೆಗೆದು ವಾರಂಟಿ ಕಾರ್ಡಿನ ಫೋಟೋ ಜೊತೆ ಇಟ್ಟುಕೊಳ್ಳಿ.